ಕಾರಿನ ಹಾರ್ನೆಸ್‌ಗೆ ಪುಟ್ಟ ಕನೆಕ್ಟರ್: ಆರಿಸುವುದು ಹೇಗೆ?

ಕಾರಿಗೆ ಹೊಸದಾಗಿ ವೈರಿಂಗ್ ಹಾರ್ನೆಸ್ (ವೈರುಗಳನ್ನೆಲ್ಲ ಸೇರಿಸಿದ ಕಟ್ಟು) ಕಟ್ಟಲು ಕೂತವರಿಗೆ ಜಾಗದ್ದೇ ಚಿಂತೆ. ಡ್ಯಾಶ್‌ಬೋರ್ಡಿನ ಹಿಂದೆ ಕೈ ತೂರುವುದಿಲ್ಲ, ಎಂಜಿನ್ ಪಕ್ಕದಲ್ಲೂ ಅದೇ ಪಾಡು. ಚಿಕ್ಕ ಕನೆಕ್ಟರ್ ಬೇಕು ಅನ್ನಿಸುವುದು ಸಹಜ ಅಲ್ವಾ? ಆದರೆ ಹೊರಗಿನ ಪ್ಲಾಸ್ಟಿಕ್ ನೋಡಿ ಆರಿಸಬೇಡಿ. ಒಳಗಿನ ಟರ್ಮಿನಲ್ (ವೈರಿನ ತುದಿಗೆ ಒತ್ತಿ ಕೂರಿಸುವ ಲೋಹದ ತುಂಡು) ನೋಡಿ ಆರಿಸಿ. ಕರೆಂಟ್ ಹರಿಯುವುದು ಅದರಲ್ಲಿ. ಬಿಸಿಯಾಗುವುದು, ಸಡಿಲವಾಗಿ ಕೈಕೊಡುವುದು ಕೂಡ ಅದೇ.

ಮೊದಲು ಆಂಪಿಯರ್ ಲೆಕ್ಕ

ಒಂದು ಹಾಳೆ ತೆಗೆದುಕೊಂಡು ಪ್ರತಿ ವೈರಿನ ಮುಂದೆ ಅದರಲ್ಲಿ ಎಷ್ಟು ಕರೆಂಟ್ ಹರಿಯುತ್ತದೆ ಎಂದು ಬರೆಯಿರಿ. 60 ವಾಟ್‌ನ ಹೆಡ್‌ಲೈಟ್ ಬಲ್ಬು 12 ವೋಲ್ಟ್‌ನಲ್ಲಿ 5 ಆಂಪಿಯರ್ ಎಳೆಯುತ್ತದೆ. ರೇಡಿಯೇಟರ್ ಫ್ಯಾನ್ 20 ಆಂಪಿಯರ್ ದಾಟಬಹುದು, ತಿರುಗಲು ಶುರುವಾಗುವ ಕ್ಷಣದಲ್ಲಿ ಇನ್ನೂ ಜಾಸ್ತಿ. ಸೆನ್ಸರ್‌ಗಳಿಗೆ ಕೆಲವು ಮಿಲಿ ಆಂಪಿಯರ್ ಸಾಕು.

ಈ ಪಟ್ಟಿಯಲ್ಲಿ ದೊಡ್ಡ ಕರೆಂಟಿನ ವೈರುಗಳು ಬೆರಳೆಣಿಕೆಯಷ್ಟೇ ಇರುತ್ತವೆ. ಅವನ್ನು ಬೇರೆ ಕನೆಕ್ಟರಿಗೆ ಹಾಕಿ. ಎಲ್ಲವನ್ನೂ ಒಂದರಲ್ಲೇ ತುರುಕಿದರೆ ಫ್ಯಾನಿನ ಒಂದು ದಪ್ಪ ವೈರಿಗಾಗಿ ಹತ್ತು ಸೆನ್ಸರ್ ವೈರುಗಳೂ ದೊಡ್ಡ ಪಿನ್ನಿಗೆ ಹೋಗಬೇಕಾಗುತ್ತದೆ. ಜಾಗ ಉಳಿಯುವುದು ಹೀಗೆ ಬೇರೆ ಮಾಡಿದಾಗಲೇ.

ಉದಾಹರಣೆಗೆ ಡಾಯ್ಚ್ ಬ್ರ್ಯಾಂಡಿನ ಕನೆಕ್ಟರ್‌ಗಳನ್ನೇ ನೋಡಿ. ಡಿಟಿಎಂ ಮಾದರಿಯಲ್ಲಿ ಒಂದು ಪಿನ್ 7.5 ಆಂಪಿಯರ್ ತಾಳಿಕೊಳ್ಳುತ್ತದೆ. ಡಿಟಿಯಲ್ಲಿ 13, ಡಿಟಿಪಿಯಲ್ಲಿ 25. ಸೆನ್ಸರ್, ಇಂಜೆಕ್ಟರ್‌ಗಳಿಗೆ ಪುಟ್ಟ ಡಿಟಿಎಂ ಧಾರಾಳವಾಯಿತು. ಫ್ಯಾನಿಗೆ ಮಾತ್ರ ಕಡೇಪಕ್ಷ ಡಿಟಿಪಿಯಾದರೂ ಬೇಕು. ಬೇರೆ ಕೆಲವು ಕನೆಕ್ಟರ್‌ಗಳ ಹೆಸರುಗಳಲ್ಲೇ ಗಾತ್ರದ ಸುಳಿವಿದೆ: ಎಂಎಕ್ಸ್150, ಮೆಟ್ರಿ-ಪ್ಯಾಕ್ 150, ಸೂಪರ್‌ಸೀಲ್ 1.5 ಇವುಗಳ ಟರ್ಮಿನಲ್ ಅಗಲ 1.5 ಮಿ.ಮೀ. ಮೆಟ್ರಿ-ಪ್ಯಾಕ್ 280 ಅಂದರೆ 2.8 ಮಿ.ಮೀ.

ಕಂಪನಿ ಕೊಟ್ಟ ಆಂಪಿಯರನ್ನು ಪೂರ್ತಿ ನಂಬಿ ಕೂರಬೇಡಿ. ಬಾನೆಟ್ ಕೆಳಗೆ ಮೊದಲೇ ಬಿಸಿ. ಹನ್ನೆರಡು ಪಿನ್ನುಗಳೂ ಒಟ್ಟಿಗೆ ಕರೆಂಟ್ ಹೊತ್ತರೆ ಒಂದರ ಬಿಸಿ ಇನ್ನೊಂದಕ್ಕೆ ತಾಗುತ್ತದೆ. ಆ ಅಂಕಿಯ ಮೂರನೇ ಎರಡು ಭಾಗದೊಳಗೇ ಇರಿ ಎನ್ನುವುದು ನನ್ನ ಸಲಹೆ.

ವೈರಿನ ಹೊದಿಕೆ ಅಳೆಯಿರಿ

ಬಹಳ ಜನ ಬಿಟ್ಟುಬಿಡುವ ಹಂತ ಇದು. ನೀರು ಒಳಗೆ ಹೋಗದಂತೆ ತಡೆಯುವುದು ವೈರಿನ ಸುತ್ತ ಕಚ್ಚಿಕೊಳ್ಳುವ ರಬ್ಬರ್ ಸೀಲ್. ಅದು ಕಚ್ಚುವುದು ತಾಮ್ರವನ್ನಲ್ಲ, ಹೊದಿಕೆಯನ್ನು. ಮಾಮೂಲಿ ಡಿಟಿ ಸೀಲ್‌ಗೆ ಸುಮಾರು 2.2ರಿಂದ 3.7 ಮಿ.ಮೀ. ದಪ್ಪದ ವೈರ್ ಬೇಕು. ತೆಳು ಹೊದಿಕೆಯ 0.5 ಚದರ ಮಿ.ಮೀ. ವೈರಿನ ಹೊರ ದಪ್ಪ ಸುಮಾರು 1.6 ಮಿ.ಮೀ. ಅಷ್ಟೇ. ವೈರ್ ಸಲೀಸಾಗಿ ತೂರುತ್ತದೆ, ಕನೆಕ್ಟರ್ ಕ್ಲಿಕ್ ಎಂದು ಕೂರುತ್ತದೆ, ಎಲ್ಲ ಸರಿಯಾಗಿಯೇ ಕಾಣುತ್ತದೆ. ಮೊದಲ ಮಳೆಗೆ ಆ ಸಂದಿಯಿಂದ ನೀರು ಇಳಿದು ಟರ್ಮಿನಲ್ ಹಸಿರುಗಟ್ಟುತ್ತದೆ. ಅದಕ್ಕೇ ತೆಳು ವೈರಿಗೆ ಸಣ್ಣ ಸೀಲಿನ ಮಾದರಿ ಕೇಳಿ ತೆಗೆದುಕೊಳ್ಳಿ. ವರ್ನಿಯರ್ ಕ್ಯಾಲಿಪರ್‌ನಿಂದ ಒಮ್ಮೆ ಅಳೆದರೆ ಅನುಮಾನವೇ ಉಳಿಯುವುದಿಲ್ಲ. ಖಾಲಿ ಬಿಟ್ಟ ರಂಧ್ರಗಳಿಗೆ ಪ್ಲಗ್ ಹಾಕುವುದನ್ನೂ ಮರೆಯಬೇಡಿ.

ಸೀಟಿನ ಕೆಳಗೆ, ಡ್ಯಾಶ್‌ಬೋರ್ಡಿನ ಒಳಗೆ ಸೀಲ್ ಇಲ್ಲದ ಕನೆಕ್ಟರ್ ಆದೀತು. ಅಷ್ಟೇ ಪಿನ್ನುಗಳಿದ್ದರೂ ಅದು ಇನ್ನೂ ಚಿಕ್ಕದು. ನೀರು ತಾಗುವ ಕಡೆ ಮಾತ್ರ ಐಪಿ67 ಇರಲಿ. ಅಂದರೆ ಧೂಳು ಒಳಹೋಗದು, 1 ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿದರೂ ಹಾಳಾಗದು.

ಕ್ರಿಂಪಿಂಗ್ ಟೂಲ್ ಸಿಗುತ್ತದೆಯೇ?

ಕನೆಕ್ಟರ್ ಕೊಳ್ಳುವ ಮೊದಲೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಕ್ರಿಂಪಿಂಗ್ ಅಂದರೆ ಟರ್ಮಿನಲನ್ನು ವೈರಿಗೆ ಒತ್ತಿ ಕೂರಿಸುವುದು. ಟರ್ಮಿನಲ್ ಚಿಕ್ಕದಾದಷ್ಟೂ ಒತ್ತುವಿಕೆ ಕರಾರುವಾಕ್ಕಾಗಿರಬೇಕು. ಸರಿಯಾದ ಟೂಲ್ ಇಲ್ಲದಿದ್ದರೆ ಒಂದು ಗಾತ್ರ ದೊಡ್ಡದನ್ನೇ ಆರಿಸಿ. ಇಕ್ಕಳದಿಂದ ಅಮುಕಿದ ಪುಟ್ಟ ಟರ್ಮಿನಲ್‌ಗಿಂತ ಚೆನ್ನಾಗಿ ಕ್ರಿಂಪ್ ಆದ ದೊಡ್ಡದು ಎಷ್ಟೋ ಮೇಲು.

ರೆಕ್ಕೆಯಿರುವ ಟರ್ಮಿನಲ್ ಆದರೆ ಒತ್ತಿದ ಮೇಲೆ ಭೂತಗನ್ನಡಿಯಲ್ಲಿ ನೋಡಿ. ಮುಂದಿನ ಎರಡು ರೆಕ್ಕೆಗಳು ಒಳಕ್ಕೆ ಸುರುಳಿಯಾಗಿ ತಾಮ್ರದ ಎಳೆಗಳ ಮಧ್ಯೆ ಇಳಿದಿರಬೇಕು. ಅವುಗಳ ಆಚೆ ಎಳೆಗಳ ತುದಿ ಒಂದಿಷ್ಟೇ ಇಣುಕಬೇಕು. ಹಿಂದಿನ ರೆಕ್ಕೆಗಳು ಹೊದಿಕೆಯನ್ನೋ ಸೀಲನ್ನೋ ಹಿಡಿದಿರಬೇಕು, ಆದರೆ ಸೀಳಿರಬಾರದು. ನಡುವಿನ ಕಿಂಡಿಯಲ್ಲಿ ತಾಮ್ರವೂ ಹೊದಿಕೆಯ ಅಂಚೂ ಎರಡೂ ಕಾಣಬೇಕು. ಆಮೇಲೆ ಎಳೆದು ನೋಡಿ. ಜಾರಿದರೆ ಕತ್ತರಿಸಿ ಬೇರೆ ಟರ್ಮಿನಲ್ ಹಾಕಿ.

ಗಟ್ಟಿಯಾಗಲಿ ಎಂದು ಸುಮ್ನೆ ಸೋಲ್ಡರ್ ಸುರಿಯಬೇಡಿ. ಅದು ಎಳೆಗಳೊಳಗೆ ಹರಿದು ವೈರನ್ನು ಕಡ್ಡಿಯಂತೆ ಗಟ್ಟಿ ಮಾಡುತ್ತದೆ. ಎಂಜಿನ್ ಅದುರಿದಂತೆಲ್ಲ ಆ ಗಟ್ಟಿ ಭಾಗ ಮುಗಿಯುವಲ್ಲೇ ಎಳೆಗಳು ಮುರಿಯುತ್ತವೆ.

ಟರ್ಮಿನಲ್ ಮೇಲಿನ ಲೇಪನವೂ ಎರಡೂ ಕಡೆ ಒಂದೇ ಇರಲಿ. ಚಿನ್ನದ ಪಿನ್ನಿಗೆ ಚಿನ್ನ, ತವರಕ್ಕೆ ತವರ. ಬೆರೆಸಿದರೆ ಅದುರುವಿಕೆಯಿಂದ ತವರ ಸವೆದು ತುಕ್ಕಿನ ಪುಡಿ ಕೂರುತ್ತದೆ. ಸೆನ್ಸರ್‌ನಂಥ ಸಣ್ಣ ಕರೆಂಟಿಗೆ ಅಷ್ಟೇ ಸಾಕು, ತಪ್ಪು ಅಳತೆ ತೋರಿಸಲು.

ಜೋಡಿಸುವಾಗ

ಬ್ಯಾಟರಿ ಕಡೆಯಿಂದ ಕರೆಂಟ್ ಬರುವ ಬದಿಗೆ ಸಾಕೆಟ್ (ಪಿನ್ ಒಳಹೋಗುವ ತೂತಿನ ಟರ್ಮಿನಲ್) ಇರುವ ಭಾಗ ಹಾಕಿ. ಬಿಚ್ಚಿದಾಗ ಕರೆಂಟಿರುವ ಪಿನ್ ಹೊರಗೆ ಚಾಚಿಕೊಂಡು ಕಾರಿನ ಲೋಹದ ಮೈಗೆ ತಾಗಬಾರದು. ಪಕ್ಕಪಕ್ಕ ಒಂದೇ ಥರದ ಎರಡು ಕನೆಕ್ಟರ್ ಬಂದರೆ ಬೇರೆ ಬೇರೆ ಕೀ (ತಪ್ಪು ಜೋಡಿ ಕೂರದಂತೆ ತಡೆಯುವ ಆಕಾರ) ಇರುವವನ್ನು ತೆಗೆದುಕೊಳ್ಳಿ. ಹನ್ನೆರಡು ಪಿನ್ನಿನ ಡಿಟಿಯಲ್ಲಿ ಇಂಥ ನಾಲ್ಕು ಕೀಗಳಿವೆ, ಬಣ್ಣವೂ ಬೇರೆ: ಬೂದು, ಕಪ್ಪು, ಹಸಿರು, ಕಂದು. ಟರ್ಮಿನಲ್‌ಗಳನ್ನು ಹಿಡಿದಿಡುವ ಎರಡನೇ ಲಾಕ್ ಪೂರ್ತಿ ಕೂತಿದೆಯೇ ನೋಡಿ. ಅದು ಕೂರದಿದ್ದರೆ ಯಾವುದೋ ಟರ್ಮಿನಲ್ ಅರ್ಧಕ್ಕೇ ನಿಂತಿದೆ ಎಂದರ್ಥ.

ಜಾಗದ ಅಳತೆ ಮಾಡುವಾಗ ಕನೆಕ್ಟರಿನ ಮೈಯನ್ನಷ್ಟೇ ಅಳೆಯಬೇಡಿ. ಲಾಕ್ ಒತ್ತಲು ಬೆರಳಿಗೆ ಜಾಗ ಬೇಕು, ಎಳೆದು ಬಿಚ್ಚಲು ಹಿಂದೆ ಜಾಗ ಬೇಕು. ವೈರ್ ಹೊರಬಂದ ತಕ್ಷಣ ಬಾಗಿದರೆ ಸೀಲ್ ಒಂದು ಬದಿಗೆ ಜಗ್ಗಿ ಸಂದಿ ಬಿಡುತ್ತದೆ, ಸ್ವಲ್ಪ ದೂರ ನೇರವಾಗಿಯೇ ಬಿಡಿ. ಫೈರ್‌ವಾಲಿನ (ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ಗೋಡೆ) ರಂಧ್ರ ಚಿಕ್ಕದಿದ್ದರೆ ಮೊದಲು ಟರ್ಮಿನಲ್ ಹಾಕಿದ ವೈರುಗಳನ್ನು ತೂರಿಸಿ, ಆಚೆ ಬದಿಯಲ್ಲಿ ಕನೆಕ್ಟರಿನೊಳಗೆ ಸೇರಿಸಿ. ಹಾಗೆ ಮಾಡುವ ಮುಂಚೆ ಯಾವ ವೈರ್ ಯಾವ ರಂಧ್ರಕ್ಕೆ ಎಂದು ತುದಿಗಳಿಗೆ ಚೀಟಿ ಅಂಟಿಸಿ. ಒಂದೇ ಬಣ್ಣದ ಎರಡು ವೈರ್ ಅದಲುಬದಲಾದರೆ ಪಿನ್ ತೆಗೆಯುವ ಟೂಲ್ ಬೇಕಾಗುತ್ತದೆ, ಅದನ್ನೂ ಟರ್ಮಿನಲ್‌ಗಳ ಜೊತೆಗೇ ತರಿಸಿಟ್ಟುಕೊಳ್ಳಿ.