ಕ್ರಿಪ್ಟೊ ಕೂಡಿಡಬೇಕೆ, ಖರ್ಚು ಮಾಡಬೇಕೆ? ಭಾರತದಲ್ಲಿರುವವರು ಲೆಕ್ಕ ಹಾಕುವ ಕ್ರಮ

ಬಿಟ್‌ಕಾಯಿನ್ ಅಥವಾ ಅಂಥ ಬೇರೊಂದು ಕ್ರಿಪ್ಟೊ, ಅಂದರೆ ಕಂಪ್ಯೂಟರ್ ಜಾಲದಲ್ಲಷ್ಟೇ ಇರುವ ಡಿಜಿಟಲ್ ನಾಣ್ಯ, ಕೈಯಲ್ಲಿರುವವರಿಗೆ ಎರಡು ಬಗೆಯ ಸಲಹೆಗಳು ಧಾರಾಳವಾಗಿ ಸಿಗುತ್ತವೆ. ಏನೇ ಆದರೂ ಮಾರಬೇಡಿ, ಬೆಲೆ ಏರುತ್ತಲೇ ಇರುತ್ತದೆ ಎಂದು ಕೆಲವರು ಹೇಳಿದರೆ, ಹಣವೆಂದು ಕರೆದ ಮೇಲೆ ಅದನ್ನು ಬಳಸದೆ ಬೀಗ ಹಾಕಿಡುವುದರಲ್ಲಿ ಅರ್ಥವಿಲ್ಲ ಎಂದು ಮತ್ತೆ ಕೆಲವರು ವಾದಿಸುತ್ತಾರೆ. ಭಾರತದಲ್ಲಿ ತೆರಿಗೆ ಕಟ್ಟುವವರು ಈ ವಾದವನ್ನು ಬದಿಗಿಟ್ಟು, ಕಾಗದ ಪೆನ್ನು ಹಿಡಿದು ಲೆಕ್ಕ ಹಾಕುವುದೇ ಒಳ್ಳೆಯದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ದಿನಸಿ, ಬಾಡಿಗೆ, ಶಾಲಾ ಶುಲ್ಕದಂಥ ನಿತ್ಯದ ವೆಚ್ಚ ರೂಪಾಯಿಯಲ್ಲೇ ನಡೆಯಲಿ, ಕ್ರಿಪ್ಟೊ ಇಟ್ಟುಕೊಳ್ಳುವುದಾದರೆ ಕಳೆದುಹೋದರೂ ಮನೆ ನಡೆಯುವಷ್ಟು ಮಾತ್ರ ಇರಲಿ, ಬೇಕೆನಿಸಿದಾಗ ನೋಂದಾಯಿತ ಎಕ್ಸ್‌ಚೇಂಜ್‌ನಲ್ಲಿ (ಕ್ರಿಪ್ಟೊ ಕೊಳ್ಳುವ, ಮಾರುವ ಆನ್‌ಲೈನ್ ತಾಣದಲ್ಲಿ) ಮಾರಿ, ರೂಪಾಯಿ ಮಾಡಿಕೊಂಡು ಖರ್ಚು ಮಾಡಿ. ಅಂಗಡಿಯವರಿಗೆ ನೇರವಾಗಿ ಕ್ರಿಪ್ಟೊ ಕೊಡುವ ದಾರಿ ಇಲ್ಲಿ ಹೆಚ್ಚುಕಡಿಮೆ ಯಾವಾಗಲೂ ನಷ್ಟದ್ದು.

ಮೊದಲು ಕಾನೂನಿನ ಸ್ಥಿತಿಯನ್ನು ತಿಳಿದುಕೊಳ್ಳಿ. ಕ್ರಿಪ್ಟೊ ವ್ಯವಹಾರ ಮಾಡುವವರಿಗೆ ಬ್ಯಾಂಕ್‌ಗಳು ಸೇವೆ ಒದಗಿಸಬಾರದೆಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಸುತ್ತೋಲೆ ಹೊರಡಿಸಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯ ಮಾಲ್ ಒಂದರಲ್ಲಿ ಇರಿಸಿದ್ದ, ಬಿಟ್‌ಕಾಯಿನ್ ಕೊಳ್ಳುವ, ಮಾರುವ ಎಟಿಎಂ ಮಾದರಿಯ ಯಂತ್ರವನ್ನು ಪೊಲೀಸರು ವಶಪಡಿಸಿಕೊಂಡದ್ದು ಹಲವರಿಗೆ ನೆನಪಿರಬಹುದು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನು ರದ್ದುಪಡಿಸಿತು. ಈಗ ಕ್ರಿಪ್ಟೊ ಕೊಳ್ಳುವುದು, ಇಟ್ಟುಕೊಳ್ಳುವುದು, ಮಾರುವುದು ಅಪರಾಧವಲ್ಲವಾದರೂ ಅದಕ್ಕೆ ಕಾನೂನುಬದ್ಧ ಚಲಾವಣೆಯ ಮಾನ್ಯತೆ ಇಲ್ಲ; ಸಾಲಕ್ಕಾಗಲಿ ಸರಕಿಗಾಗಲಿ ಅದನ್ನು ಪಡೆಯಲೇಬೇಕೆಂದು ಯಾರನ್ನೂ ಒತ್ತಾಯಿಸುವಂತಿಲ್ಲ. ಆದಾಯ ತೆರಿಗೆಯ ಕಣ್ಣಿಗೆ ಅದು ‘ವರ್ಚುವಲ್ ಡಿಜಿಟಲ್ ಆಸ್ತಿ’. ಆಸ್ತಿ ಎಂದ ಕೂಡಲೇ, ಅದನ್ನು ಕೊಟ್ಟು ಏನನ್ನಾದರೂ ಪಡೆದರೆ ಅದು ವರ್ಗಾವಣೆಯಾಗುತ್ತದೆ, ಲಾಭವಿದ್ದರೆ ತೆರಿಗೆ ಬೀಳುತ್ತದೆ.

ಒಂದು ಫೋನ್‌ನ ಲೆಕ್ಕ

2022ರ ಏಪ್ರಿಲ್ 1ರಿಂದ ಈ ಲಾಭದ ಮೇಲೆ ಶೇ. 30ರಷ್ಟು ತೆರಿಗೆ ಇದೆ; ಅದರ ಮೇಲೆ ಶೇ. 4ರ ಸೆಸ್ ಸೇರಿ ಒಟ್ಟು ಶೇ. 31.2 ಆಗುತ್ತದೆ. ಕೊಂಡ ಬೆಲೆಯೊಂದನ್ನು ಬಿಟ್ಟು ಬೇರಾವ ವೆಚ್ಚವನ್ನೂ ಕಳೆಯುವಂತಿಲ್ಲ. ನೀವು 20,000 ರೂಪಾಯಿಗೆ ಕೊಂಡ ಬಿಟ್‌ಕಾಯಿನ್ ತುಣುಕಿನ ಬೆಲೆ ಈಗ 50,000 ರೂಪಾಯಿ ಆಗಿದೆ ಎಂದುಕೊಳ್ಳಿ. ಅದನ್ನೇ ಕೊಟ್ಟು 50,000 ರೂಪಾಯಿಯ ಫೋನ್ ತಂದರೆ, ಕೈಗೆ ಒಂದು ರೂಪಾಯಿಯೂ ಬಾರದಿದ್ದರೂ 30,000 ರೂಪಾಯಿ ಲಾಭ ಬಂತೆಂದೇ ಇಲಾಖೆ ಪರಿಗಣಿಸುತ್ತದೆ, ಅದಕ್ಕೆ 9,360 ರೂಪಾಯಿ ತೆರಿಗೆ ಕಟ್ಟಬೇಕಾಗುತ್ತದೆ. ಫೋನ್ ಮನೆಗೆ ಬಂದಾಗಿದೆ, ಬಿಟ್‌ಕಾಯಿನ್ ಹೋಗಿಯಾಗಿದೆ. ಈ ತೆರಿಗೆಯ ಹಣವನ್ನು ಸಂಬಳದಿಂದಲೋ ಉಳಿತಾಯದಿಂದಲೋ ತೆಗೆಯಬೇಕು.

ಇದರ ಜೊತೆಗೆ 2022ರ ಜುಲೈ 1ರಿಂದ ಶೇ. 1ರ ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ, ಇದೆ. ಇದು ಲಾಭದ ಮೇಲಲ್ಲ, ವಹಿವಾಟಿನ ಪೂರ್ಣ ಮೊತ್ತದ ಮೇಲೆ. ಎಕ್ಸ್‌ಚೇಂಜ್‌ನಲ್ಲಿ ಮಾರಿದರೆ ಆ 500 ರೂಪಾಯಿಯನ್ನು ಅವರೇ ಮುರಿದುಕೊಂಡು ನಿಮ್ಮ ಪ್ಯಾನ್ ಖಾತೆಗೆ ಜಮೆ ಮಾಡುತ್ತಾರೆ, ರಿಟರ್ನ್ ಸಲ್ಲಿಸುವಾಗ ಅದು ತೆರಿಗೆಗೆ ವಜಾ ಆಗುತ್ತದೆ. ಅಂಗಡಿಗೆ ನೇರವಾಗಿ ಕೊಟ್ಟಾಗ ತೊಡಕು ಅಂಗಡಿಯವನ ತಲೆಗೆ ಬರುತ್ತದೆ, ಏಕೆಂದರೆ ಕ್ರಿಪ್ಟೊ ಪಡೆದು ಪ್ರತಿಯಾಗಿ ಸರಕು ಕೊಡುವವನು, ಸರಕು ಕೈಬಿಡುವ ಮುನ್ನ ಆ ತೆರಿಗೆ ಕಟ್ಟಲಾಗಿದೆಯೆಂದು ಖಚಿತಪಡಿಸಿಕೊಳ್ಳಬೇಕು. ವರ್ಷಕ್ಕೆ 10,000 ರೂಪಾಯಿಯವರೆಗೆ, ಸಣ್ಣ ವ್ಯಾಪಾರಿಯಾದರೆ 50,000 ರೂಪಾಯಿಯವರೆಗೆ, ಈ ನಿಯಮದಿಂದ ವಿನಾಯಿತಿ ಇದೆ ನಿಜ. ಆದರೂ ಗ್ರಾಹಕನ ಪ್ಯಾನ್ ಕೇಳಿ ಟಿಡಿಎಸ್ ಲೆಕ್ಕ ಬರೆದುಕೊಳ್ಳುವ ಮೊಬೈಲ್ ಅಂಗಡಿ ನಮ್ಮ ಊರುಗಳಲ್ಲಿ ಎಷ್ಟಿದ್ದೀತು?

ಇನ್ನೊಂದು ವಿಷಯವನ್ನು ಖರೀದಿಗೆ ಮೊದಲೇ ಯೋಚಿಸಬೇಕು. ಫೋನ್ ಕೆಟ್ಟಿದೆಯೆಂದು ಹತ್ತನೆಯ ದಿನ ಹಿಂದಿರುಗಿಸಿದರೆ ಅಂಗಡಿಯವನು ಕೊಡಬೇಕಾದದ್ದು ಅಂದು ಪಡೆದಷ್ಟು ಬಿಟ್‌ಕಾಯಿನ್ನೇ, ಅಂದಿನ 50,000 ರೂಪಾಯಿಯೇ? ಬಿಲ್ಲಿನಲ್ಲಿ ಬರೆದಿಲ್ಲದಿದ್ದರೆ ಜಗಳ ಖಚಿತ. ಕಾರ್ಡ್‌ನಲ್ಲಿ ಕೊಟ್ಟ ಹಣಕ್ಕೆ ಬ್ಯಾಂಕಿನಲ್ಲಿ ತಕರಾರು ಸಲ್ಲಿಸುವ ಅವಕಾಶವಿದೆ. ಬಿಟ್‌ಕಾಯಿನ್ ಜಾಲದಲ್ಲಿ ಒಮ್ಮೆ ದಾಖಲಾದ ಪಾವತಿಯನ್ನು ಹಿಂದಕ್ಕೆ ತರಿಸುವವರು ಯಾರೂ ಇಲ್ಲ.

ಅದೇ ತುಣುಕನ್ನು ಎಕ್ಸ್‌ಚೇಂಜ್‌ನಲ್ಲಿ ಮಾರಿ, ಶುಲ್ಕ ಅರ್ಧ ಪರ್ಸೆಂಟ್ ಎಂದುಕೊಂಡರೆ, 250 ರೂಪಾಯಿ ಶುಲ್ಕ, ಅದರ ಮೇಲೆ ಶೇ. 18ರ ಜಿಎಸ್‌ಟಿ 45 ರೂಪಾಯಿ, ತೆರಿಗೆ 9,360 ರೂಪಾಯಿ ಕಳೆದು ನಿಮಗೆ ನಿಜವಾಗಿ ಉಳಿಯುವುದು 40,345 ರೂಪಾಯಿ. ತೆರಿಗೆ ಎರಡೂ ದಾರಿಯಲ್ಲಿ ಒಂದೇ. ಆದರೆ ಇಲ್ಲಿ ತೆರಿಗೆ ಕಟ್ಟುವ ಹಣ ಕೈಯಲ್ಲಿರುತ್ತದೆ, ದಾಖಲೆ ತಾನಾಗಿ ಸಿಗುತ್ತದೆ, ಫೋನಿಗೆ ಕಾರ್ಡ್ ರಿಯಾಯಿತಿ ಇದ್ದರೆ ಅದೂ ದಕ್ಕುತ್ತದೆ. ಮಾರಿದ ದಿನವೇ ತೆರಿಗೆಯ ಪಾಲನ್ನು ಬೇರೆ ಉಳಿತಾಯ ಖಾತೆಗೆ ಹಾಕಿಡಿ. ವರ್ಷದ ತೆರಿಗೆ ಬಾಕಿ ಟಿಡಿಎಸ್ ಕಳೆದ ಮೇಲೂ 10,000 ರೂಪಾಯಿ ಮುಟ್ಟುವಂತಿದ್ದರೆ ಮುಂಗಡ ತೆರಿಗೆಯನ್ನೂ ಕಟ್ಟಬೇಕಾಗುತ್ತದೆ. ಲಾಭದ ಹಣವನ್ನೆಲ್ಲ ಮತ್ತೊಂದು ಕ್ರಿಪ್ಟೊದಲ್ಲಿ ತೊಡಗಿಸಿ, ಅದರ ಬೆಲೆ ಕುಸಿದ ಮೇಲೆ ಹಳೆಯ ಲಾಭಕ್ಕೆ ತೆರಿಗೆ ಹೊಂದಿಸಲು ಪರದಾಡುವುದು ಬಹಳ ಸಾಮಾನ್ಯವಾದ ಸಂಕಷ್ಟ.

ಹಾಗಾದರೆ ಕೂಡಿಟ್ಟರೆ ತೆರಿಗೆ ಕಡಿಮೆಯಾಗುತ್ತದೆಯೆ? ಇಲ್ಲ. ಷೇರುಗಳನ್ನು ಒಂದು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡರೆ 1.25 ಲಕ್ಷ ರೂಪಾಯಿಗೆ ಮೀರಿದ ಲಾಭಕ್ಕೆ ಮಾತ್ರ ಶೇ. 12.5ರ ತೆರಿಗೆ ಇದೆ. ಕ್ರಿಪ್ಟೊವನ್ನು ಒಂದು ದಿನ ಇಟ್ಟರೂ ಹತ್ತು ವರ್ಷ ಇಟ್ಟರೂ ದರ ಅದೇ ಶೇ. 30. ಬೇರೆ ಆದಾಯವೇ ಇಲ್ಲದ ವಿದ್ಯಾರ್ಥಿಗೂ ಗೃಹಿಣಿಗೂ ಈ ಲಾಭದ ಮಟ್ಟಿಗೆ ಮೂಲ ವಿನಾಯಿತಿ ಮಿತಿಯ ಆಸರೆ ಇಲ್ಲ. ಇದಕ್ಕಿಂತ ಕಠಿಣವಾದದ್ದು ನಷ್ಟದ ನಿಯಮ. ಬಿಟ್‌ಕಾಯಿನ್‌ನಲ್ಲಿ 40,000 ರೂಪಾಯಿ ಲಾಭ, ಇನ್ನೊಂದರಲ್ಲಿ ಅಷ್ಟೇ ನಷ್ಟವಾದರೆ ನಿಮ್ಮ ಗಳಿಕೆ ಸೊನ್ನೆ. ಆದರೂ ನಷ್ಟವನ್ನು ಲಾಭದೊಂದಿಗೆ ಹೊಂದಿಸಲು ಅವಕಾಶವಿಲ್ಲದ ಕಾರಣ 12,480 ರೂಪಾಯಿ ಕಟ್ಟಬೇಕು, ಆ ನಷ್ಟವನ್ನು ಮುಂದಿನ ವರ್ಷಕ್ಕೂ ಒಯ್ಯುವಂತಿಲ್ಲ. ಒಂದನ್ನು ಕೊಟ್ಟು ಇನ್ನೊಂದನ್ನು ಪಡೆಯುವುದೂ ವರ್ಗಾವಣೆಯೇ ಆದ್ದರಿಂದ, ಬಿಟ್‌ಕಾಯಿನ್ನನ್ನು ಡಾಲರ್‌ಗೆ ಕಟ್ಟಿದ ಸ್ಟೇಬಲ್‌ಕಾಯಿನ್‌ಗೆ ಬದಲಿಸಿಕೊಂಡು, ಇನ್ನೂ ರೂಪಾಯಿ ಮಾಡಿಲ್ಲವಲ್ಲ ಎಂದು ಸುಮ್ಮನಿರುವುದು ತಪ್ಪು ತಿಳಿವಳಿಕೆ. ಈ ನಿಯಮಗಳು ನ್ಯಾಯವೇ ಎಂಬ ಚರ್ಚೆ ಬೇರೆ. ನನಗಂತೂ ನಷ್ಟದ ನಿಯಮ ಅತಿಯಾಯಿತೆನಿಸುತ್ತದೆ. ಆದರೆ ಅವು ಇರುವವರೆಗೆ ವಹಿವಾಟಿನ ಸಂಖ್ಯೆ ಕಡಿಮೆಯಾದಷ್ಟೂ ನಿಮಗೆ ಕ್ಷೇಮ.

ಎಷ್ಟು ಕೂಡಿಡಬಹುದು

ಬಿಟ್‌ಕಾಯಿನ್‌ನ ಒಟ್ಟು ಸಂಖ್ಯೆ 2.1 ಕೋಟಿಯನ್ನು ಮೀರುವುದಿಲ್ಲ, ಹೊಸ ನಾಣ್ಯಗಳ ಹರಿವು ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. 2024ರ ಏಪ್ರಿಲ್‌ನಿಂದ ಪ್ರತಿ ಬ್ಲಾಕಿಗೆ (ಜಾಲದಲ್ಲಿ ಪಾವತಿಗಳನ್ನು ದಾಖಲಿಸುವ ಒಂದೊಂದು ಕಂತೆಗೆ) ಹುಟ್ಟುವುದು 3.125 ಬಿಟ್‌ಕಾಯಿನ್ ಮಾತ್ರ. ಕೂಡಿಡಬೇಕೆನ್ನುವವರ ವಾದಕ್ಕೆ ಆಧಾರ ಇದೇ. ಈ ವಾದವನ್ನು ಸಿಕ್ಕಸಿಕ್ಕ ಕ್ರಿಪ್ಟೊಗೆಲ್ಲ ಅನ್ವಯಿಸಬೇಡಿ. ಉದಾಹರಣೆಗೆ, ಡೋಜ್‌ಕಾಯಿನ್‌ಗೆ ಮಿತಿಯೇ ಇಲ್ಲ, ವರ್ಷಕ್ಕೆ 500 ಕೋಟಿ ಹೊಸ ನಾಣ್ಯಗಳು ಸೇರುತ್ತಲೇ ಇರುತ್ತವೆ.

ಮಿತಿ ಇದ್ದ ಮಾತ್ರಕ್ಕೆ ಬೆಲೆ ಬೀಳುವುದಿಲ್ಲವೆಂದೂ ಅಲ್ಲ. 2021ರ ನವೆಂಬರ್‌ನಲ್ಲಿ 69,000 ಡಾಲರ್ ಆಸುಪಾಸಿನಲ್ಲಿದ್ದ ಬಿಟ್‌ಕಾಯಿನ್, ಒಂದು ವರ್ಷ ಕಳೆಯುವಷ್ಟರಲ್ಲಿ 16,000 ಡಾಲರ್ ಸುಮಾರಿಗೆ ಇಳಿದಿತ್ತು. ಆಮೇಲೆ ಅದು ಚೇತರಿಸಿಕೊಂಡಿತು. ಆದರೆ ಆ ವರ್ಷ ಮಗಳ ಮದುವೆಯೋ ಆಸ್ಪತ್ರೆಯ ಖರ್ಚೋ ಬಂದವರಿಗೆ ಮುಂದಿನ ಚೇತರಿಕೆಯಿಂದ ಏನೂ ಪ್ರಯೋಜನವಾಗಲಿಲ್ಲ. ನಮ್ಮ ಮನೆಗಳಲ್ಲಿ ಕೂಡಿಟ್ಟ ಚಿನ್ನವನ್ನು ಹತ್ತಿರದ ಸಹಕಾರಿ ಸಂಘದಲ್ಲಿ ಅಡವಿಟ್ಟು ಸಂಜೆಯೊಳಗೆ ಹಣ ತರಬಹುದು, ಮುಂದೆ ಬಿಡಿಸಿಕೊಳ್ಳಲೂಬಹುದು. ಬಿಟ್‌ಕಾಯಿನ್ ಅಡವಿಟ್ಟುಕೊಂಡು ಸಾಲ ಕೊಡುವ ಬ್ಯಾಂಕ್ ಇಲ್ಲಿ ಇಲ್ಲದ ಕಾರಣ, ಕಷ್ಟ ಬಂದ ದಿನ ಅಂದಿನ ಬೆಲೆಗೇ ಮಾರಬೇಕಾಗುತ್ತದೆ.

ಆದ್ದರಿಂದ ಕ್ರಮ ಹೀಗಿರಲಿ. ಕ್ರೆಡಿಟ್ ಕಾರ್ಡ್ ಬಾಕಿ ಇದ್ದರೆ ಮೊದಲು ಅದನ್ನು ತೀರಿಸಿ, ಏಕೆಂದರೆ ವರ್ಷಕ್ಕೆ ಶೇ. 36ಕ್ಕೂ ಮಿಕ್ಕ ಬಡ್ಡಿ ಕಟ್ಟುತ್ತಾ ಬಿಟ್‌ಕಾಯಿನ್ ಕೂಡಿಡುವುದು ಸಾಲ ಮಾಡಿ ಜೂಜಾಡಿದಂತೆಯೇ. ಆರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿ ರೂಪಾಯಿಯಾಗಿಯೇ ಇರಲಿ. ಮೂರು ನಾಲ್ಕು ವರ್ಷದೊಳಗೆ ಬೇಕಾಗುವ ಹಣವನ್ನು ಕ್ರಿಪ್ಟೊದಲ್ಲಿ ಇಡಬೇಡಿ. ಇದೆಲ್ಲ ಆದ ಮೇಲೆ ಉಳಿದ ಉಳಿತಾಯದಲ್ಲಿ ಶೇ. 5ಕ್ಕಿಂತ ಹೆಚ್ಚು ಬೇಡವೆನ್ನುವುದು ನನ್ನ ಲೆಕ್ಕ. ಮುಕ್ಕಾಲು ಭಾಗ ಕರಗಿದರೂ ನಿಮ್ಮ ಮನೆಯ ತಿಂಗಳ ಲೆಕ್ಕಾಚಾರ ಕದಲದಿದ್ದರೆ ಮೊತ್ತ ಸರಿಯಾಗಿದೆ. ಯಾವಾಗ ಮಾರಬೇಕೆಂಬುದನ್ನೂ ಕೊಳ್ಳುವಾಗಲೇ ಬರೆದಿಡಿ. ‘ಮಗನ ಇಂಜಿನಿಯರಿಂಗ್ ಪ್ರವೇಶದ ವರ್ಷ ಅರ್ಧ ಮಾರುವುದು’ ಎಂಬಂಥ ಒಂದು ಸಾಲು ಸಾಕು. ಬೆಲೆ ಏರುವಾಗ ಇನ್ನಷ್ಟು ಏರಲೆಂದು, ಇಳಿಯುವಾಗ ಕೊಂಡ ಬೆಲೆಯಾದರೂ ಬರಲೆಂದು ಕಾಯುತ್ತಾ ಕೂತವರಿಗೆ ಮಾರುವ ದಿನ ಬರುವುದೇ ಇಲ್ಲ.

ಖರ್ಚು ಮಾಡಲೇಬೇಕೆನ್ನುವವರಿಗೆ

ಖರ್ಚಿನ ಪ್ರಯೋಗ ದೊಡ್ಡ ಪ್ರಮಾಣದಲ್ಲಿ ನಡೆದದ್ದು ಎಲ್ ಸಾಲ್ವಡಾರ್‌ನಲ್ಲಿ. ಅಲ್ಲಿನ ಸರ್ಕಾರ 2021ರ ಸೆಪ್ಟೆಂಬರ್‌ನಲ್ಲಿ ಬಿಟ್‌ಕಾಯಿನ್ನನ್ನು ಅಧಿಕೃತ ಹಣವಾಗಿ ಜಾರಿಗೆ ತಂದು, ಸರ್ಕಾರಿ ಆ್ಯಪ್ ಹಾಕಿಕೊಂಡವರಿಗೆ 30 ಡಾಲರ್ ಮೌಲ್ಯದ ಬಿಟ್‌ಕಾಯಿನ್ ಉಡುಗೊರೆಯಾಗಿ ಕೊಟ್ಟಿತು. ಬಹುಪಾಲು ಜನ ಆ 30 ಡಾಲರ್ ಮುಗಿಸಿ ಆ್ಯಪ್ ಮರೆತರು. ಅಂತರರಾಷ್ಟ್ರೀಯ ಹಣಕಾಸು ನಿಧಿಯ ಸಾಲದ ಒಪ್ಪಂದದ ಹಿನ್ನೆಲೆಯಲ್ಲಿ 2025ರ ಜನವರಿಯಲ್ಲಿ ಕಾನೂನು ತಿದ್ದಿ, ಅಂಗಡಿಯವರು ಬಿಟ್‌ಕಾಯಿನ್ ಪಡೆಯಲೇಬೇಕೆಂಬ ಕಡ್ಡಾಯವನ್ನು ತೆಗೆದರು. ಬೆಲೆ ಏರುತ್ತದೆಂದು ನಂಬಿದವರು ಖರ್ಚು ಮಾಡಲಿಲ್ಲ, ನಂಬದವರು ಪಡೆಯಲಿಲ್ಲ. ಬೆಂಗಳೂರಿನಲ್ಲಿ 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ಜಿಎಸ್‌ಟಿ ನೋಟಿಸ್ ಬಂದಾಗ ಸಣ್ಣ ಅಂಗಡಿಗಳವರು ‘ಯುಪಿಐ ಇಲ್ಲ’ ಎಂದು ಫಲಕ ಹಾಕಿದ್ದನ್ನು ನೋಡಿದ್ದೇವೆ. ಅವರು ತಿರುಗಿದ್ದು ನಗದಿನತ್ತ, ಕ್ರಿಪ್ಟೊದತ್ತ ಅಲ್ಲ.

ಇಷ್ಟಾದರೂ ಖರ್ಚು ಮಾಡುವ ಸಂದರ್ಭ ಬಂದರೆ, ಲಾಭ ಕಡಿಮೆ ಇರುವುದನ್ನೇ ಕೊಡಿ. ಸ್ಟೇಬಲ್‌ಕಾಯಿನ್ ಬೆಲೆ ಹೆಚ್ಚು ಏರಿಳಿಯದ ಕಾರಣ ಅದರಲ್ಲಿ ತೆರಿಗೆಯ ಹೊರೆ ಹಗುರ. ಬಿಟ್‌ಕಾಯಿನ್ ಜಾಲದ ಶುಲ್ಕ ಮೊತ್ತಕ್ಕೆ ತಕ್ಕಂತೆ ಇರುವುದಿಲ್ಲ. ನೂರು ರೂಪಾಯಿ ಕಳಿಸಿದರೂ ಕೋಟಿ ಕಳಿಸಿದರೂ ಜಾಲದ ದಟ್ಟಣೆಯೇ ಅದನ್ನು ನಿರ್ಧರಿಸುತ್ತದೆ. 2024ರ ಏಪ್ರಿಲ್ 20ರಂದು ಸರಾಸರಿ ಶುಲ್ಕ ನೂರು ಡಾಲರ್ ದಾಟಿತ್ತು. ಸಣ್ಣ ಪಾವತಿಗೆ, ಬಿಟ್‌ಕಾಯಿನ್ ಜಾಲದ ಮೇಲೆ ಕಟ್ಟಿದ ಲೈಟ್ನಿಂಗ್ ಎಂಬ ಉಪಜಾಲ ಅಗ್ಗ, ಆದರೆ ತೆರಿಗೆಯ ಲೆಕ್ಕ ಅಲ್ಲಿಯೂ ಬದಲಾಗದು.

ಅಪರಿಚಿತರಿಗೆ ನೇರವಾಗಿ ಮಾರುವ ಪಿ2ಪಿ ವ್ಯವಹಾರದಿಂದ ದೂರವಿರಿ. ಮಾರುಕಟ್ಟೆಗಿಂತ ಒಂದೆರಡು ರೂಪಾಯಿ ಹೆಚ್ಚು ಕೊಡುವ ವ್ಯಕ್ತಿ ನಿಮ್ಮ ಖಾತೆಗೆ ಹಾಕುವ ಹಣ ಯಾರೋ ಸೈಬರ್ ವಂಚನೆಯಲ್ಲಿ ಕಳೆದುಕೊಂಡದ್ದಾಗಿರಬಹುದು. ಹಾಗೆ ಹಣ ಕಳೆದುಕೊಂಡವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟರೆ ಹಣದ ಜಾಡು ಹಿಡಿದು ನಿಮ್ಮ ಖಾತೆಯೇ ಸ್ಥಗಿತವಾಗುತ್ತದೆ, ದೂರು ದಾಖಲಾದ ಊರು ಬೇರೆ ರಾಜ್ಯದ್ದಾದರೆ ಬಿಡಿಸಿಕೊಳ್ಳಲು ತಿಂಗಳುಗಟ್ಟಲೆ ಅಲೆದಾಟ. ಕೇಂದ್ರ ಸರ್ಕಾರದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿಸಿಕೊಂಡ ಎಕ್ಸ್‌ಚೇಂಜ್ ಮೂಲಕವೇ ಮಾರಿ.

ವಿದೇಶದಲ್ಲಿರುವ ಕನ್ನಡಿಗರಿಗೆ ಉತ್ತರ ಬೇರೆಯಾಗಬಹುದು. ಜರ್ಮನಿಯಲ್ಲಿ ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡ ಖಾಸಗಿ ವ್ಯಕ್ತಿಯ ಲಾಭಕ್ಕೆ ತೆರಿಗೆ ಇಲ್ಲ, ಅಮೆರಿಕದಲ್ಲಿ ಆ ಅವಧಿ ಮೀರಿದರೆ ದರ ತಗ್ಗುತ್ತದೆ. ಹಾಗಾಗಿ ಅಲ್ಲಿ ಕೂಡಿಡುವುದಕ್ಕೆ ಕಾನೂನೇ ಕಾರಣ ಒದಗಿಸುತ್ತದೆ. ತಾಯ್ನಾಡಿಗೆ ಮರಳುವ ಆಲೋಚನೆ ಇರುವವರು ಇಲ್ಲಿನ ನಿವಾಸಿಗಳಾಗುವ ಮೊದಲೇ ಮಾರಬೇಕೆ ಎಂಬುದನ್ನು ಲೆಕ್ಕಪರಿಶೋಧಕರಲ್ಲಿ ವಿಚಾರಿಸಿಕೊಳ್ಳಬೇಕು.

ಕೂಡಿಟ್ಟದ್ದನ್ನು ಕಾಯುವುದು

2024ರ ಜುಲೈ 18ರಂದು ಭಾರತದ ವಜೀರ್‌ಎಕ್ಸ್ ಎಂಬ ಎಕ್ಸ್‌ಚೇಂಜ್‌ನಿಂದ 23 ಕೋಟಿ ಡಾಲರ್‌ಗೂ ಹೆಚ್ಚಿನ ಮೊತ್ತ ಕಳವಾದಾಗ, ಗ್ರಾಹಕರು ತಮ್ಮ ಕ್ರಿಪ್ಟೊವನ್ನು ಹೊರತೆಗೆಯಲಾಗದೆ ಒಂದು ವರ್ಷಕ್ಕೂ ಹೆಚ್ಚು ಕಾಲ ಕಾಯಬೇಕಾಯಿತು. ಬ್ಯಾಂಕ್ ಠೇವಣಿಗೆ ಇರುವ 5 ಲಕ್ಷ ರೂಪಾಯಿಯ ವಿಮೆ ಇಲ್ಲಿ ಇಲ್ಲ. ದೀರ್ಘಕಾಲ ಇಡುವುದನ್ನು ಸ್ವಂತ ಹಾರ್ಡ್‌ವೇರ್ ವಾಲೆಟ್‌ಗೆ (ಕ್ರಿಪ್ಟೊದ ಗುಪ್ತ ಕೀಲಿಯನ್ನು ಕಾಪಾಡುವ ಪುಟ್ಟ ಸಾಧನಕ್ಕೆ) ಸಾಗಿಸಿ, ಮೊದಲು ಸಣ್ಣ ಮೊತ್ತ ಕಳಿಸಿ ಅದು ತಲುಪಿದ್ದನ್ನು ನೋಡಿಕೊಂಡು ಉಳಿದದ್ದನ್ನು ಕಳಿಸಿ. ವಾಲೆಟ್ ಕೊಡುವ 12 ಅಥವಾ 24 ಪದಗಳನ್ನು ಕಾಗದದ ಮೇಲೆ ಅನುಕ್ರಮವಾಗಿ ಬರೆದು ಎರಡು ಕಡೆ ಇಡಿ. ಫೋಟೊ ತೆಗೆಯಬೇಡಿ, ವಾಟ್ಸ್‌ಆ್ಯಪ್‌ನಲ್ಲಿ ಯಾರಿಗೂ ಕಳಿಸಬೇಡಿ. ಆ ಪದಗಳು ಸಿಕ್ಕವನೇ ಹಣದ ಯಜಮಾನ. ಕಾಗದ ಎಲ್ಲಿದೆಯೆಂಬುದು ಮನೆಯಲ್ಲಿ ನಂಬಿಕೆಯ ಒಬ್ಬರಿಗೆ ತಿಳಿದಿರಲಿ, ಇಲ್ಲವಾದರೆ ನಿಮ್ಮ ನಂತರ ಅದು ಯಾರಿಗೂ ದಕ್ಕದು.

ಕೊಂಡ ದಿನಾಂಕ, ಬೆಲೆ, ಮಾರಿದ ದಿನಾಂಕ, ಬಂದ ಮೊತ್ತ, ಕಡಿತವಾದ ಟಿಡಿಎಸ್ ಇವನ್ನು ಪ್ರತಿ ವಹಿವಾಟಿನ ದಿನವೇ ಒಂದು ಹಾಳೆಯಲ್ಲಿ ನಮೂದಿಸಿ, ಎಕ್ಸ್‌ಚೇಂಜ್ ಮುಚ್ಚಿಹೋದರೂ ಉಳಿಯುವಂತೆ ಅದರ ವರದಿಗಳನ್ನು ಇಳಿಸಿಕೊಂಡಿಡಿ. ಆದಾಯ ತೆರಿಗೆ ರಿಟರ್ನ್‌ನಲ್ಲಿ ವರ್ಚುವಲ್ ಡಿಜಿಟಲ್ ಆಸ್ತಿಗೆಂದೇ ಪ್ರತ್ಯೇಕ ಅನುಸೂಚಿ ಇದೆ. ಸಂಬಳದಾರರು ಬಳಸುವ ಸರಳವಾದ ಐಟಿಆರ್-1 ಇದಕ್ಕೆ ನಡೆಯುವುದಿಲ್ಲ, ಐಟಿಆರ್-2 ಅಥವಾ ವ್ಯಾಪಾರದ ಆದಾಯವಾದರೆ ಐಟಿಆರ್-3 ಬೇಕು. ಸಲ್ಲಿಸುವ ಮುನ್ನ ಇಲಾಖೆಯ ವಾರ್ಷಿಕ ಮಾಹಿತಿ ವಿವರದಲ್ಲಿ ಕಾಣುವ ಟಿಡಿಎಸ್ ಮೊತ್ತವೂ ನಿಮ್ಮ ಹಾಳೆಯ ಮೊತ್ತವೂ ತಾಳೆಯಾಗುತ್ತವೆಯೇ ನೋಡಿ. ವ್ಯತ್ಯಾಸವಿದ್ದರೆ ಎಕ್ಸ್‌ಚೇಂಜ್‌ಗೆ ಬರೆದು ಸರಿಪಡಿಸಿಕೊಂಡ ನಂತರವೇ ರಿಟರ್ನ್ ಸಲ್ಲಿಸಿ.