ಮಗುವಿಗೆ ಮೊದಲ ಕೀಬೋರ್ಡ್: ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಬೇಡ

ಅಂಗಡಿಗೆ ಹೋಗುವಾಗ ಬಟ್ಟೆ ಅಳೆಯುವ ಟೇಪು ಇಟ್ಟುಕೊಂಡು ಹೋಗಿ. ಸಾಲಾಗಿರುವ ಏಳು ಬಿಳಿ ಮನೆಗಳ (ಬೆರಳಿನಿಂದ ಒತ್ತುವ ಕೀಗಳ) ಅಗಲ ಅಳೆಯಿರಿ. ಸುಮಾರು 16.5 ಸೆಂ.ಮೀ. ಬಂದರೆ ಅದು ಪೂರ್ಣ ಗಾತ್ರದ ಕೀಬೋರ್ಡ್. ಎರಡು ಮೂರು ಸೆಂ.ಮೀ. ಕಡಿಮೆ ಬಂದರೆ ಮಿನಿ. ಪುಟ್ಟ ಬೆರಳಿಗೆ ಪುಟ್ಟ ಮನೆಯೇ ಸರಿ ಎಂದು ಎಷ್ಟೋ ಅಪ್ಪ ಅಮ್ಮಂದಿರು ಮಿನಿ ಕೊಳ್ಳುತ್ತಾರೆ. ಆದರೆ ಕೈ ಕಲಿಯುವುದು ಮನೆಯಿಂದ ಮನೆಗಿರುವ ದೂರವನ್ನು. ಮಿನಿಯಲ್ಲಿ ಆರು ತಿಂಗಳು ನುಡಿಸಿದ ಮಗು ಕ್ಲಾಸಿನ ಕೀಬೋರ್ಡಿನ ಮುಂದೆ ಕೂತರೆ ಬೆರಳು ಪಕ್ಕದ ಮನೆಗೆ ಬೀಳುತ್ತದೆ. ಕ್ಯಾಸಿಯೊ ಎಸ್‌ಎ ಸಾಲಿನ 32 ಅಥವಾ 44 ಮನೆಗಳವು ಆಟಕ್ಕೆ ಚೆನ್ನ, ಪಾಠಕ್ಕಲ್ಲ. ಪಾಠಕ್ಕೆ 61 ಮನೆ ಬೇಕು, ಅಂದರೆ ಐದು ಸ್ಥಾಯಿ.

ಎರಡನೆಯದು ಟಚ್, ಅಂದರೆ ಬೆರಳಿನ ಬಲಕ್ಕೆ ತಕ್ಕಂತೆ ಸದ್ದು ಏರಿಳಿಯುವುದು. ದುಡ್ಡು ಹಾಕಬೇಕಾದದ್ದು ಇಲ್ಲಿಯೇ. ಒಂದೇ ಮನೆಯನ್ನು ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಒತ್ತಿ ನೋಡಿ. ಎರಡೂ ಸಲ ಸದ್ದು ಒಂದೇ ಮಟ್ಟದಲ್ಲಿದ್ದರೆ ಟಚ್ ಇಲ್ಲ, ಅಥವಾ ಯಾರೋ ಅದನ್ನು ಆಫ್ ಮಾಡಿಟ್ಟಿದ್ದಾರೆ. ಟಚ್ ಇಲ್ಲದ ಕೀಬೋರ್ಡಿನಲ್ಲಿ ಬೆರಳಿನ ಬಲಕ್ಕೆ ಉತ್ತರವೇ ಸಿಗುವುದಿಲ್ಲ. ಮಗು ಹೇಗೆ ಕುಟ್ಟಿದರೂ ಅದೇ ಸದ್ದು. ಆ ಅಭ್ಯಾಸ ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ. ಕ್ಯಾಸಿಯೊ ಸಿಟಿ-ಎಸ್200 ಮತ್ತು ಸಿಟಿ-ಎಸ್300 ಎರಡರಲ್ಲೂ 400 ಟೋನ್‌ಗಳಿವೆ (ಬೇರೆ ಬೇರೆ ವಾದ್ಯಗಳ ದನಿ), ಎರಡರಲ್ಲೂ ಒಟ್ಟಿಗೆ 48 ಸ್ವರ ನುಡಿಯುತ್ತವೆ. ಆದರೆ ಟಚ್ ಮತ್ತು ಸ್ವರ ಜಾರಿಸುವ ಪಿಚ್ ಬೆಂಡ್ ಚಕ್ರ ಇರುವುದು 300ರಲ್ಲಿ ಮಾತ್ರ. ಯಮಹಾದಲ್ಲಿ ಪಿಎಸ್‌ಆರ್-ಎಫ್51ಕ್ಕೆ ಟಚ್ ಇಲ್ಲ, ಪಿಎಸ್‌ಆರ್-ಇ373ಕ್ಕೆ ಇದೆ. ಅಂಗಡಿಯವರು ಟೋನ್ ಎಷ್ಟು, ರಿದಮ್ ಎಷ್ಟು ಎಂದು ಎಣಿಸಿ ಹೇಳುತ್ತಾರೆ. ಮೊದಲ ಎರಡು ವರ್ಷ ಮಗುವಿಗೆ ಬೇಕಾಗುವುದು ಪಿಯಾನೊ, ಆರ್ಗನ್, ಕೊಳಲು, ಇನ್ನೊಂದೆರಡು, ಅಷ್ಟೆ.

ಹೆಸರಿಲ್ಲದ ತೀರಾ ಅಗ್ಗದ ಮಾಲಾದರೆ ಇನ್ನೊಂದು ಪರೀಕ್ಷೆ ಮಾಡಿ. ಎಡಗೈಯಲ್ಲಿ ಮೂರು ಮನೆ ಒತ್ತಿ ಹಿಡಿದು ಬಲಗೈಯಲ್ಲಿ ಇನ್ನೆರಡು ಮೂರು ಒತ್ತಿ. ಹಿಡಿದ ಸ್ವರ ನಿಂತುಹೋದರೆ, ಒತ್ತದ ಸ್ವರ ಕೇಳಿದರೆ ಅಲ್ಲಿಗೇ ಬಿಡಿ. ಎರಡು ಕೈಯ ಪಾಠ ಅದರಲ್ಲಿ ಸಾಗದು.

ಕರ್ನಾಟಕ ಸಂಗೀತ ಹಾಡುವ ಮಗುವಾದರೆ ಟ್ರಾನ್ಸ್‌ಪೋಸ್ ಗುಂಡಿ ನೋಡಿಕೊಳ್ಳಿ, ಅದು ಎಲ್ಲ ಮನೆಗಳ ಶ್ರುತಿಯನ್ನೂ ಒಟ್ಟಿಗೆ ಏರಿಸುವ, ಇಳಿಸುವ ಗುಂಡಿ. ಐದೂವರೆ ಶ್ರುತಿಗೆ ಅದನ್ನು 8ಕ್ಕೆ ಏರಿಸಿದರೆ ಅಥವಾ ಮೈನಸ್ 4ಕ್ಕೆ ಇಳಿಸಿದರೆ, ಸಿ ಮನೆಯಿಂದಲೇ ಷಡ್ಜ ಹಿಡಿಯಬಹುದು. ಮನೆಯಲ್ಲಿ ಕೂತು ಹಾಡುವಾಗ ಇದು ಅನುಕೂಲ. ಆದರೆ ಪಾಶ್ಚಾತ್ಯ ಪಾಠಕ್ಕೆ ಕೂರುವ ಮುನ್ನ ಸೊನ್ನೆಗೆ ತನ್ನಿ. ಇಲ್ಲದಿದ್ದರೆ ಪುಸ್ತಕದಲ್ಲಿ ಒಂದು ಸ್ವರ, ಕಿವಿಗೆ ಇನ್ನೊಂದು. ಕರ್ನಾಟಕ ಸಂಗೀತದ ಗಮಕ (ಸ್ವರವನ್ನು ತೂಗಿಸುವುದು) ಮಾತ್ರ ಬರೀ ಕೀಬೋರ್ಡಿನ ಮನೆಗಳಲ್ಲಿ ಬರುವುದಿಲ್ಲ, ಅದನ್ನು ನಿರೀಕ್ಷಿಸಬೇಡಿ.

ಪೆಟ್ಟಿಗೆಯಲ್ಲಿ ಅಡಾಪ್ಟರ್ ಇದೆಯೇ ಎಂದು ಬಿಲ್ ಹಾಕಿಸುವ ಮುನ್ನ ಕೇಳಿ. ಪಿನ್ ಕೂರುತ್ತದೆಂದು ಮನೆಯಲ್ಲಿದ್ದ ಯಾವುದೋ ಅಡಾಪ್ಟರ್ ಚುಚ್ಚಬೇಡಿ. ಯಮಹಾ ಎಫ್51 ಕೇಳುವುದು 12 ವೋಲ್ಟ್, ಸಿಟಿ-ಎಸ್300 ಕೇಳುವುದು 9.5 ವೋಲ್ಟ್. ವೋಲ್ಟ್ ಸರಿಯಿದ್ದರೂ ಪ್ಲಸ್ ಮೈನಸ್ ಅದಲುಬದಲಾದರೆ ಬೋರ್ಡ್ ಸುಡಬಹುದು. ಜ್ಯಾಕಿನ ಪಕ್ಕದ ಗುರುತನ್ನೂ ಅಡಾಪ್ಟರಿನ ಮೇಲಿನ ಗುರುತನ್ನೂ ಹೋಲಿಸಿ. ಎಫ್51, ಸಿಟಿ-ಎಸ್300 ಎರಡೂ ಆರು ಎಎ ಸೆಲ್‌ನಲ್ಲೂ ನಡೆಯುತ್ತವೆ, ಕರೆಂಟ್ ಹೋದಾಗ ಪಾಠ ನಿಲ್ಲದು. ಬಹಳ ದಿನ ಬಳಸದಿದ್ದರೆ ಸೆಲ್ ತೆಗೆದಿಡಿ.

ಸ್ಟ್ಯಾಂಡಿಗೂ ಸ್ವಲ್ಪ ದುಡ್ಡು ಉಳಿಸಿಕೊಳ್ಳಿ. ಮಗು ಕೂತು ಮೊಣಕೈ ಮಡಚಿದಾಗ ಮುಂಗೈ ಮನೆಗಳ ಮಟ್ಟಕ್ಕೇ ಇರಬೇಕು. ಕಾಲು ನೇತಾಡಿದರೆ ಕೆಳಗೊಂದು ಮಣೆ ಇಡಿ.

ಬಜೆಟ್ ಕಡಿಮೆಯಿದ್ದರೆ ಟಚ್ ಇಲ್ಲದ ಹೊಸದಕ್ಕಿಂತ ಟಚ್ ಇರುವ ಹಳೆಯದೇ ಮೇಲು, ಪರೀಕ್ಷಿಸಿ ಕೊಂಡರೆ. ಪ್ರತಿ ಮನೆಯ ಕೆಳಗೂ ಎರಡು ರಬ್ಬರ್ ಕಾಂಟ್ಯಾಕ್ಟ್ ಇರುತ್ತವೆ. ಅವೆರಡೂ ತಾಗುವ ನಡುವಿನ ಸಮಯದಿಂದಲೇ ಯಂತ್ರ ಬೆರಳಿನ ಬಲ ಲೆಕ್ಕ ಹಾಕುವುದು. ಧೂಳು ಕೂತರೆ ಆ ಮನೆ ನುಡಿಯುವುದಿಲ್ಲ, ಇಲ್ಲವೇ ಮೆಲ್ಲಗೆ ಒತ್ತಿದರೂ ಅರಚುತ್ತದೆ. ಹಾಗಾಗಿ 61 ಮನೆಗಳನ್ನೂ ಎಡದಿಂದ ಬಲಕ್ಕೆ ಒಂದೇ ಹದದಲ್ಲಿ ಒತ್ತುತ್ತಾ ಹೋಗಿ. ಅಡಾಪ್ಟರ್ ಪಿನ್ ಅಲ್ಲಾಡಿಸಿದಾಗ ಕೀಬೋರ್ಡ್ ಆಫ್ ಆಗಬಾರದು. ತಗ್ಗು ಸ್ವರಗಳನ್ನು ಪೂರ್ತಿ ವಾಲ್ಯೂಮಿನಲ್ಲಿ ನುಡಿಸಿದಾಗ ಸ್ಪೀಕರ್ ಗರಗುಟ್ಟಬಾರದು. ಕೊನೆಗೆ ಸೆಲ್ ಇಡುವ ಮುಚ್ಚಳ ತೆಗೆಯಿರಿ. ಸ್ಪ್ರಿಂಗುಗಳ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಸೆಲ್ ಸೋರಿದೆ. ಬೆಲೆ ಎಷ್ಟೇ ಇಳಿಸಿದರೂ ಅದನ್ನು ಕೊಳ್ಳಬೇಡಿ.