ಕ್ಲಿಕ್‌ಗೆ ಇಷ್ಟು ಅಂತ ನಾವು ದುಡ್ಡು ಕೊಟ್ಟು ಗೂಗಲ್‌ನಲ್ಲಿ ಆ್ಯಡ್ ಹಾಕೋದು ಹೇಗೆ

ಯಾರಾದ್ರೂ ಗೂಗಲ್‌ನಲ್ಲಿ ಏನಾದ್ರೂ ಹುಡುಕಿದ ಕ್ಷಣಕ್ಕೇ ಯಾರ ಆ್ಯಡ್ ಮೇಲೆ ತೋರಿಸ್ಬೇಕು ಅಂತ ಒಳಗೊಂದು ಹರಾಜು ನಡೆದುಹೋಗುತ್ತೆ, ಅದ್ರಲ್ಲಿ ನಿಮ್ಮ ಬಿಡ್ (ಒಂದು ಕ್ಲಿಕ್‌ಗೆ ಹೆಚ್ಚಂದ್ರೆ ಇಷ್ಟು ಕೊಡ್ತೀನಿ ಅಂತ ನೀವು ಹೇಳೋ ಮೊತ್ತ) ಒಂದೇ ಲೆಕ್ಕಕ್ಕೆ ಬರಲ್ಲ, ಆ್ಯಡ್ ಆ ಹುಡುಕಾಟಕ್ಕೆ ಎಷ್ಟು ಹೊಂದುತ್ತೆ, ಒತ್ತಿದ್ಮೇಲೆ ತೆರೆಯೋ ಪೇಜ್ ಹೇಗಿದೆ ಅನ್ನೋದನ್ನೂ ನೋಡ್ತಾರೆ, ಹಾಗಾಗಿ ಕಮ್ಮಿ ಬಿಡ್ ಹಾಕಿದವ್ರೂ ಮೇಲೆ ಬರ್ಬಹುದು. ಆ್ಯಡ್ ಬರೀ ಕಾಣಿಸಿದ್ರೆ ದುಡ್ಡಿಲ್ಲ, ಕ್ಲಿಕ್ ಆದ್ರೆ ಮಾತ್ರ.

ಮೊದ್ಲು ಕನ್ವರ್ಷನ್ ಟ್ರ್ಯಾಕಿಂಗ್, ಅಂದ್ರೆ ಕ್ಲಿಕ್ ಮಾಡಿದವ್ರು ಆರ್ಡರ್ ಮಾಡಿದ್ರಾ ಅಂತ ಲೆಕ್ಕ ಇಡೋ ವ್ಯವಸ್ಥೆ, ಹಾಕ್ಕೊಳ್ಳಿ. ಯಾವ ಕ್ಲಿಕ್‌ನಿಂದ ಆರ್ಡರ್ ಬಂತು ಅಂತ ಗೊತ್ತಾಗದೆ ಒಂದು ಪೈಸೆನೂ ಖರ್ಚು ಮಾಡ್ಬೇಡಿ ದಯವಿಟ್ಟು.

ಕೀವರ್ಡ್ (ಯಾವ ಪದ ಹುಡುಕಿದ್ರೆ ಆ್ಯಡ್ ಬರ್ಬೇಕು ಅಂತ ನೀವು ಕೊಡೋದು) ಬರೀ "ಶೂ" ಅಂತ ಹಾಕಿದ್ರೆ "ಶೂ ರಿಪೇರಿ", "ಶೂ ಫೋಟೋ" ಹುಡುಕೋರೂ ಬಂದು ಒತ್ತಿ ಹೋಗ್ತಾರೆ. "ಹೆಂಗಸರ ರನ್ನಿಂಗ್ ಶೂ" ಥರ ಹಾಕಿ, ಫ್ರೇಸ್ ಮ್ಯಾಚ್ (ಕೀವರ್ಡ್‌ನ ಅರ್ಥ ಒಳಗೊಂಡ ಹುಡುಕಾಟಕ್ಕೆ ಆ್ಯಡ್ ತೋರ್ಸೋದು) ಅಥವಾ ಎಕ್ಸಾಕ್ಟ್ ಮ್ಯಾಚ್ (ಅದೇ ಅರ್ಥದ ಹುಡುಕಾಟಕ್ಕೆ ಮಾತ್ರ) ಇಡಿ, ಜನ ನಿಜವಾಗಿ ಏನು ಹುಡುಕಿದ್ರು ಅಂತ ತೋರ್ಸೋ ಸರ್ಚ್ ಟರ್ಮ್ಸ್ ರಿಪೋರ್ಟ್ ಆಗಾಗ ತೆಗೆದು ನೋಡಿ ಬೇಡದ ಪದಗಳನ್ನ ನೆಗೆಟಿವ್ ಕೀವರ್ಡ್‌ಗೆ (ಇವನ್ನ ಹುಡುಕಿದ್ರೆ ಆ್ಯಡ್ ತೋರಿಸ್ಬೇಡಿ ಅನ್ನೋ ಪಟ್ಟಿಗೆ) ಸೇರಿಸ್ತಾ ಹೋಗಿ, ನನ್ ಪ್ರಕಾರ ಜಾಸ್ತಿ ದುಡ್ಡು ಉಳಿಯೋದೇ ಇಲ್ಲಿ.

ಬಿಡ್ ಎಷ್ಟು? 100 ಕ್ಲಿಕ್‌ಗೆ 2 ಆರ್ಡರ್ ಬರ್ತಿದ್ರೆ ಒಂದು ಆರ್ಡರ್‌ಗೆ 50 ಕ್ಲಿಕ್, ಅಂದ್ರೆ ಒಂದು ಆರ್ಡರ್‌ನ ಲಾಭವನ್ನ 50ರಿಂದ ಭಾಗಿಸಿ, ಅದಕ್ಕಿಂತ ಜಾಸ್ತಿ ಕೊಟ್ರೆ ನಷ್ಟ. ದಿನದ ಬಜೆಟ್‌ನ ಎರಡರಷ್ಟು ಒಂದೇ ದಿನ ಖರ್ಚಾದ್ರೆ ಗಾಬರಿ ಬೇಡ, ತಿಂಗಳಿಗೆ ಸಾಮಾನ್ಯವಾಗಿ ದಿನದ ಬಜೆಟ್‌ನ 30.4 ಪಟ್ಟು (ತಿಂಗಳಲ್ಲಿ ಸರಾಸರಿ ಅಷ್ಟು ದಿನ) ದಾಟಲ್ಲ.